ಹಾಜರಿ ಪುಸ್ತಕದಲ್ಲಿ ಇಲ್ಲದ ಹಾಜರಾ

ಹೆಣ್ಣು ಮಗು ಹುಟ್ಟಿದ ಸಂತಸದಲ್ಲಿದ್ದ ಯುವ ತಂದೆಯೊಬ್ಬರು ಏಳನೆಯ ದಿನದ ಅಕೀಕಾಕ್ಕೆ ನನ್ನನ್ನು ಕರೆದಿದ್ದರು. ಅವರ ಮೊಬೈಲಿನಲ್ಲಿ ಹೆಸರುಗಳ ಉದ್ದನೆಯ ಪಟ್ಟಿಯಿತ್ತು. "ಉಸ್ತಾದರೇ, ಊರಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು" ಎಂದರು. ಅವರ ತಾಯಿಯ ಹೆಸರು ಹಾಜರಾ. ಅದನ್ನೇ ಇಡಬಹುದಲ್ಲ ಎಂದೆ. "ಅದು ಅಜ್ಜಿಯಂದಿರ ಹೆಸರು" ಎಂದು ನಕ್ಕರು. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಿದ್ದ ಆ ತಾಯಿಯೂ ನಕ್ಕರು. ಆ ನಗುವನ್ನು ನಾನಿನ್ನೂ ಮರೆತಿಲ್ಲ.

ನಾನು ಮದ್ರಸದಲ್ಲಿ ಕಲಿಸಲು ಆರಂಭಿಸಿದಾಗ ಒಂದೇ ತರಗತಿಯಲ್ಲಿ ಇಬ್ಬರು ಹಾಜರಾಗಳಿದ್ದರು. ಇಂದು ಹಾಜರಿ ಪುಸ್ತಕದ ಯಾವ ಪುಟದಲ್ಲೂ ಆ ಹೆಸರಿಲ್ಲ. ಆದರೆ 'ಯಾರಿಗೂ ಇಲ್ಲದ' ಹೆಸರೆಂದು ಹುಡುಕಿ ಇಟ್ಟದ್ದು ಒಂದೊಂದು ತರಗತಿಯಲ್ಲಿ ಮೂವರಿಗಿದೆ! ಎಲ್ಲರೂ ನೋಡುವ ಪಟ್ಟಿ ಒಂದೇ ಆದಾಗ ಅಪರೂಪ ಎಲ್ಲಿಂದ ಬರಬೇಕು?

ಹಾಜರಾ ಯಾರು? ನೀರಿಲ್ಲದ, ನೆರಳಿಲ್ಲದ ಮಕ್ಕಾದ ಕಣಿವೆಯಲ್ಲಿ ಹಸುಗೂಸಿನೊಂದಿಗೆ ಉಳಿದ ತಾಯಿ. ಇದು ಅಲ್ಲಾಹನ ಆಜ್ಞೆಯೇ ಎಂದು ಹ. ಇಬ್ರಾಹೀಮ್(ಅ)ರನ್ನು ಕೇಳಿ, ಹೌದೆಂದು ತಿಳಿದೊಡನೆ, ಹಾಗಾದರೆ ಅವನು ನಮ್ಮನ್ನು ಕೈಬಿಡಲಾರ ಎಂದ ಧೀರೆ. ಮಗುವಿನ ದಾಹ ನೀಗಿಸಲು ಸಫಾ-ಮರ್ವಾಗಳ ನಡುವೆ ಏಳು ಬಾರಿ ಧಾವಿಸಿದವರು. ಝಮ್‌ಝಮ್ ಚಿಮ್ಮಿದ್ದು ಆ ಧಾವಂತದ ಕೊನೆಗೆ. ಅರಸನಿರಲಿ, ಆಳಿರಲಿ, ಹಜ್ಜ್‌ಗೆ ಹೋದ ಪ್ರತಿಯೊಬ್ಬನೂ ಆ ಮಹಿಳೆಯ ಹೆಜ್ಜೆಗಳನ್ನೇ ಅನುಸರಿಸಬೇಕು. ಅವರ ಹೆಜ್ಜೆ ಬೇಕು, ಹೆಸರು ಮಾತ್ರ ಬೇಡ! ಇದೆಂತಹ ಗೌರವ?

ಹೊಸ ಹೆಸರೇ ತಪ್ಪೆಂದು ನಾನು ಹೇಳುತ್ತಿಲ್ಲ. ಹೆಸರು ಅರಬಿಯದ್ದೇ ಆಗಿರಬೇಕೆಂಬ ಹಟವೂ ನನಗಿಲ್ಲ. ಹಾಜರಾ ಕೂಡ ಈಜಿಪ್ಟಿನಿಂದ ಬಂದವರು. ಪ್ರವಾದಿವರ್ಯರು(ಸ) ಹೆಸರು ಬದಲಿಸಿದ್ದುಂಟು, ಆದರೆ ಹಳತೆಂಬ ಕಾರಣಕ್ಕಲ್ಲ, ಅರ್ಥ ಕೆಟ್ಟದ್ದೆಂಬ ಕಾರಣಕ್ಕೆ. ಹ. ಉಮರ್(ರ)ರ ಪುತ್ರಿಯ ಹೆಸರು ಆಸಿಯಾ, ಅಂದರೆ ಆಜ್ಞೆ ಮೀರುವವಳು ಎಂದಿತ್ತು. ಪ್ರವಾದಿ(ಸ) ಅದನ್ನು ಜಮೀಲಾ ಎಂದು ಬದಲಿಸಿದರು. ಫಿರ್‌ಔನನ ಪತ್ನಿ ಆಸಿಯಾರ ಹೆಸರು ಕನ್ನಡದಲ್ಲಿ ಇದರಂತೆಯೇ ಕಂಡರೂ ಅರಬಿ ಅಕ್ಷರಗಳು ಬೇರೆ, ಅರ್ಥವೂ ಬೇರೆ. ಕೇವಲ ನಾದಕ್ಕೆ ಮರುಳಾಗುವವರು ಇಲ್ಲೇ ಎಡವುತ್ತಾರೆ. 'ಝಾನಿಯಾ' ಕಿವಿಗೆ ಇಂಪು. ಆದರೆ ಅರಬಿಯಲ್ಲಿ ಅದರರ್ಥ ವ್ಯಭಿಚಾರಿಣಿ! ಮಗಳ ಅಂಗಿಯ ಬಟ್ಟೆಯನ್ನು ಹತ್ತು ಅಂಗಡಿಗಳಲ್ಲಿ ಮುಟ್ಟಿ ನೋಡುವ ನಾವು, ಅವಳು ಬದುಕಿಡೀ ಹೊರುವ ಹೆಸರಿನ ಅರ್ಥವನ್ನು ಬಲ್ಲವರೊಬ್ಬರಲ್ಲಿ ಕೇಳಲಾರೆವೇ?

ಒಳ್ಳೆಯ ಹೆಸರು ಮಗುವಿನ ಹಕ್ಕು. ಅದು ಹೆತ್ತವರ ಪ್ರದರ್ಶನದ ವಸ್ತುವಲ್ಲ. ಹೆಣ್ಣು ಹುಟ್ಟಿದರೆ ಮುಖ ಕಪ್ಪಿಡುತ್ತಿದ್ದವರ ಕಾಲದಲ್ಲಿ ಇಸ್ಲಾಮ್ ಅವಳಿಗೆ ಬದುಕನ್ನೂ ಗೌರವವನ್ನೂ ನೀಡಿತು. ಆ ಗೌರವದ ಮೊದಲ ಗುರುತು ಅವಳ ಹೆಸರು. ದೊಡ್ಡವಳಾದ ಮಗಳು "ನನಗೆ ಈ ಹೆಸರೇಕೆ?" ಎಂದು ಕೇಳಿದಾಗ "ಯಾರಿಗೂ ಇರಲಿಲ್ಲ, ಅದಕ್ಕೆ" ಎಂಬುದು ಉತ್ತರವೇ? ಸಫಾದಿಂದ ಮರ್ವಾದವರೆಗಿನ ಒಂದು ಕತೆಯನ್ನು ಹೇಳುವ ಭಾಗ್ಯ ನಮ್ಮದಾಗಬೇಡವೇ?

ಅಪರೂಪದ ಹೆಸರೇ ಬೇಕೆನ್ನುವವರು ಮೊಬೈಲ್ ಬದಿಗಿಡಲಿ. ಮನೆಯ ಅಜ್ಜಿಯನ್ನೊಮ್ಮೆ ಹೆಸರು ಹಿಡಿದು ನೆನೆಯಲಿ. ಇಂದು ನಿಜಕ್ಕೂ ಅಪರೂಪವಾಗಿರುವುದು ಅದೇ.