ಹರಿವಾಣದ ಸುತ್ತ ಹತ್ತು ಜನ

ಮಕ್ಕಳೇ, ಪರೀಕ್ಷೆ ಮುಗಿಯಿತೇ? ಪುಸ್ತಕದ ಚೀಲ ಅಟ್ಟ ಸೇರಿತೇ? ಹಾಗಾದರೆ ನಿಮ್ಮ ಅಜ್ಜಿ ತಾತಂದಿರಿಗೆ ಇಷ್ಟು ಹೊತ್ತಿಗೆ ಒಂದು ಹೊಸ ಚಿಂತೆ ಶುರುವಾಗಿರಬೇಕು. ಒಬ್ಬನಿಗೆ ಉಪ್ಪಿಟ್ಟು ಕಂಡರೆ ಆಗದು, ಇನ್ನೊಬ್ಬಳಿಗೆ ದೋಸೆ ಸಾಕಾಗಿದೆ, ಮತ್ತೊಬ್ಬ ಹತ್ತು ಗಂಟೆಗೆ ಎದ್ದು "ಅಜ್ಜಿ, ಹಸಿವು" ಅನ್ನುತ್ತಾನೆ. ಒಂದೇ ಒಲೆ, ಹತ್ತು ಬಗೆಯ ನಾಲಿಗೆ. ಏನು ಮಾಡುವುದು?

ನಮ್ಮ ಮನೆಯಲ್ಲೂ ಇದೇ ಕಥೆ. ರಾಮನವಮಿ ಕಳೆದ ಮೇಲಿನ ಶನಿವಾರ ಸಂಜೆ ಮಗಳು, ಅಳಿಯ, ಅವರ ಇಬ್ಬರು ಗಂಡುಮಕ್ಕಳು ಬೆಂಗಳೂರಿನಿಂದ ಮೈಸೂರಿಗೆ ಬಂದಿಳಿದರು. ಇತ್ತ ನಾನು, ನನ್ನಾಕೆ, ಮಗ, ಸೊಸೆ, ಮೊಮ್ಮಗಳು ಪುಟ್ಟಿ. ಒಟ್ಟು ಒಂಬತ್ತು ಜನ. ಭಾನುವಾರ ಎಲ್ಲರಿಗೂ ಎಣ್ಣೆನೀರು ಅಂತ ನನ್ನಾಕೆ ಆಗಲೇ ಅಪ್ಪಣೆ ಹೊರಡಿಸಿದ್ದಳು. ಒಂಬತ್ತು ತಲೆಗೆ ಎಣ್ಣೆ ಒತ್ತಿ ಸೀಗೆಕಾಯಿ ಹಾಕಿ ಮುಗಿಸುವಾಗ ಗಂಟೆ ಹನ್ನೊಂದಾಗುತ್ತದೆ. ಅದು ತಿಂಡಿಯ ಹೊತ್ತೂ ಅಲ್ಲ, ಊಟದ ಹೊತ್ತೂ ಅಲ್ಲ.

ಸೊಸೆ ಒಂದು ಉಪಾಯ ಹೇಳಿದಳು. "ಮಾವ, ನಾಳೆ ತಿಂಡಿ ಊಟ ಎರಡೂ ಸೇರಿಸಿ ಬ್ರಂಚ್ ಮಾಡಿಬಿಡೋಣ. ಒಂದು ದೊಡ್ಡ ತಟ್ಟೆ ತುಂಬ ಟೋಸ್ಟು, ಸುತ್ತ ಬಟ್ಟಲುಗಳಲ್ಲಿ ಬೇರೆ ಬೇರೆ ಪದಾರ್ಥ. ಯಾರಿಗೆ ಏನು ಬೇಕೋ ಅವರೇ ಹಾಕ್ಕೊಂಡು ತಿನ್ನಲಿ."

ಬ್ರಂಚ್ ಅನ್ನುವ ಪದ ಇಂದು ನಿನ್ನೆಯದಲ್ಲ, ಮಕ್ಕಳೇ. 1895ರಲ್ಲೇ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಬರಹಗಾರ ಭಾನುವಾರ ತಡವಾಗಿ ಎದ್ದು ಹೀಗೆ ಎರಡು ಊಟವನ್ನು ಒಂದು ಮಾಡಿ ತಿನ್ನುವುದೇ ಚೆಂದ ಎಂದು ಪತ್ರಿಕೆಯಲ್ಲಿ ಬರೆದಿದ್ದ. ಎಣ್ಣೆಸ್ನಾನದ ಮನೆಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಬ್ರೆಡ್ಡಿನ ಲೆಕ್ಕ ನನ್ನ ಪಾಲಿಗೆ ಬಂತು. ಬಿ.ಕಾಂ. ಓದಿ, ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇನ್ನೇನು ಕೊಡುತ್ತಾರೆ! ಅಂದೇ ಸಂಜೆ ಅಯ್ಯಂಗಾರ್ ಬೇಕರಿಗೆ ಹೋಗಿ ಎರಡು ದೊಡ್ಡ ಬ್ರೆಡ್ಡು ತಂದೆ. ಒಂದೊಂದರಲ್ಲಿ 16 ಹೋಳು, ಎರಡರಲ್ಲಿ 32. ತುದಿಯ ದಪ್ಪ ಹೋಳು ನಾಲ್ಕನ್ನು ಕಟ್ಲೆಟ್ಟಿನ ಪುಡಿಗೆ ತೆಗೆದಿಟ್ಟರೆ ಉಳಿದದ್ದು 28. ಒಂಬತ್ತು ಜನಕ್ಕೆ ತಲೆಗೆ ಮೂರರಂತೆ 27. ಮಿಕ್ಕಿದ್ದು ಒಂದು. ಆ ಒಂದು ಲೆಕ್ಕ ಹಾಕಿದವನ ಕೂಲಿ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಬ್ರೆಡ್ಡು ಹಿಂದಿನ ದಿನವೇ ತಂದದ್ದು ಒಳ್ಳೆಯದೇ ಆಯಿತು. ಒಂದು ದಿನ ಕಳೆದ ಬ್ರೆಡ್ಡು ಮುದುಡದೆ ಕತ್ತರಿಸಲು ಬರುತ್ತದೆ, ಹಂಚಿನ ಮೇಲೆ ಗರಿಗರಿಯೂ ಆಗುತ್ತದೆ.

ರಾತ್ರಿಯೇ ಒಂದು ಕೆಲಸ ಮುಗಿಸಿದೆವು. ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಪಂಚೆಯ ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೆ ಪಾತ್ರೆ ಇಟ್ಟು ಫ್ರಿಜ್ಜಿಗೆ ಸೇರಿಸಿದೆವು. ಬೆಳಿಗ್ಗೆ ಹೊತ್ತಿಗೆ ನೀರೆಲ್ಲ ಇಳಿದು ಬೆಣ್ಣೆಯಂಥ ಮೊಸರು ಸಿಕ್ಕಿತು. ಅದಕ್ಕೆ ಉಪ್ಪು, ಕುಟ್ಟಿದ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು. ಇಳಿದ ನೀರನ್ನು ಚೆಲ್ಲಬೇಡಿ, ಮಜ್ಜಿಗೆಗೆ ಬೆರೆಸಿ ಕುಡಿಯಬಹುದು.

ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲಿನ ಹೊಣೆ. ಚೈತ್ರಮಾಸವಲ್ಲವೇ, ಮಾವಿನಕಾಯಿಗೆ ಬರವಿಲ್ಲ. ನನ್ನಾಕೆ ಒಗ್ಗರಣೆಗೆ ಸಾಸಿವೆ ಸಿಡಿಸಿ, ಮಾವಿನಕಾಯಿ ತುರಿ, ಬೆಲ್ಲ, ಉಪ್ಪು, ಅಚ್ಚಖಾರದ ಪುಡಿ ಹಾಕಿ ನೀರಿನಂಶ ಆರುವವರೆಗೆ ಮಗುಚಿ ಗೊಜ್ಜು ಮಾಡಿದಳು. ನಿಮಗೆ ಪ್ರಿಯವಾದ ಜಾಮಿಗೆ ಇದು ಅಕ್ಕನೋ ತಂಗಿಯೋ ಆಗಬೇಕು. ಅಳಿಯ ಬೇಕರಿಯ ಮಸಾಲೆ ಟೋಸ್ಟಿನ ಹಾಗೆ ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕ್ಯಾರೆಟ್ ತುರಿಯನ್ನು ಬಾಡಿಸಿದ. ಹೆಸರುಬೇಳೆ ಒಂದು ಗಂಟೆ ನೆನೆಸಿ, ಸೌತೆಕಾಯಿ ಹೆಚ್ಚಿ ಹಾಕಿ ಮಗಳು ಕೋಸಂಬರಿ ಮಾಡಿದಳು. ಅದಕ್ಕೆ ಉಪ್ಪು ಹಾಕಿದ್ದು ಬಡಿಸುವ ಹೊತ್ತಿಗೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಟೋಸ್ಟು ತೊಯ್ದುಹೋಗುತ್ತದೆ. ಹುಡುಗರಿಬ್ಬರೂ ಏಲಕ್ಕಿ ಬಾಳೆಹಣ್ಣು ಬಿಲ್ಲೆ ಮಾಡಿ, ಕಪ್ಪಾಗದಿರಲಿ ಎಂದು ನಿಂಬೆರಸ ಸವರಿದರು. ಜೊತೆಗೆ ಬೆಣ್ಣೆ, ಚಟ್ನಿಪುಡಿ, ಜೇನುತುಪ್ಪ. ಒಂದು ವರ್ಷ ತುಂಬದ ಕೂಸು ಮನೆಯಲ್ಲಿದ್ದರೆ ಅದಕ್ಕೆ ಜೇನುತುಪ್ಪ ನೆಕ್ಕಿಸಬೇಡಿ, ಅಜ್ಜಿಯರೇ. ಈ ಮಾತನ್ನು ಮಕ್ಕಳ ವೈದ್ಯರೂ ಹೇಳುತ್ತಾರೆ. ಕುಡಿಯಲು ಪಾನಕ.

ತಟ್ಟೆ ಯಾವುದು? ನನ್ನ ತಾಯಿಯ ಹಿತ್ತಾಳೆ ಹರಿವಾಣ ಅಟ್ಟದಿಂದ ಇಳಿಯಿತು. ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ಫಳಫಳ ಹೊಳೆಯಿತು. ಆದರೆ ಹುಣಸೆಹುಳಿ ಹಿತ್ತಾಳೆಯ ಕಿಲುಬನ್ನು ಬಿಡಿಸುವ ಹಾಗೆಯೇ ಮೊಸರಿನ, ಮಾವಿನಕಾಯಿಯ ಹುಳಿಯೂ ಹಿತ್ತಾಳೆಯನ್ನು ತಿನ್ನುತ್ತದೆ. ಆಗ ಲೋಹದ ಅಂಶ ಊಟಕ್ಕೆ ಸೇರುತ್ತದೆ. ಹಿಂದಿನವರು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ಇದಕ್ಕೇ. ನಾವು ಹರಿವಾಣಕ್ಕೆ ಬಾಳೆಲೆ ಹಾಸಿ, ಹುಳಿ ಪದಾರ್ಥವನ್ನೆಲ್ಲ ಸ್ಟೀಲ್ ಬಟ್ಟಲಿನಲ್ಲಿಟ್ಟೆವು. ಒಂದೊಂದು ಬಟ್ಟಲಿಗೂ ಅದರದೇ ಚಮಚ.

ಬ್ರೆಡ್ಡು ಹಂಚಿಗೆ ಹಾಕುವುದು ನನ್ನ ಮಗನ ಕೆಲಸ. ಬೆಂಕಿಯ ಹತ್ತಿರ ಯಾವಾಗಲೂ ದೊಡ್ಡವರೇ ಇರಬೇಕು. ಬಿಳಿ ಬ್ರೆಡ್ಡು ಹೊಂಬಣ್ಣಕ್ಕೆ ತಿರುಗುವುದು ಏಕೆ ಗೊತ್ತೇ? ಬಿಸಿಗೆ ಮೊದಲು ಮೇಲ್ಮೈಯ ನೀರು ಆರುತ್ತದೆ. ಆಮೇಲೆ ಬ್ರೆಡ್ಡಿನಲ್ಲಿರುವ ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಒಂದಕ್ಕೊಂದು ಕೂಡಿ ಹೊಸ ಬಣ್ಣ, ಹೊಸ ಘಮ ಕೊಡುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಎಂಬ ವಿಜ್ಞಾನಿ ಇದನ್ನು ವಿವರಿಸಿದ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಈ ಬಣ್ಣ ಚೆನ್ನಾಗಿ ಏರಬೇಕಾದರೆ 140 ಡಿಗ್ರಿಯಾದರೂ ಬೇಕು. ಹಾಗಾಗಿಯೇ ಹಬೆಯಲ್ಲಿ ಬೆಂದ ಇಡ್ಲಿ ಬೆಳ್ಳಗಿರುತ್ತದೆ, ಹಂಚಿನ ಮೇಲಿನ ದೋಸೆ ಕೆಂಪಾಗುತ್ತದೆ. ಇನ್ನೊಂದು ಗುಟ್ಟು: ಬಿಸಿ ಟೋಸ್ಟನ್ನು ಒಂದರ ಮೇಲೊಂದು ಪೇರಿಸಬೇಡಿ. ಒಳಗಿನ ಹಬೆಗೆ ದಾರಿಯಿಲ್ಲದೆ ಮೆತ್ತಗಾಗುತ್ತವೆ. ಒಂದಕ್ಕೊಂದು ಒರಗಿಸಿ ನಿಲ್ಲಿಸಿ.

ಎಲ್ಲ ಸಿದ್ಧವಾಯಿತು. ನಾನು ಚೀಟಿ ಹಿಡಿದು "ತಲೆಗೆ ಮೂರು" ಎಂದು ಘೋಷಿಸಿದೆ. ನಾಲ್ಕನೇ ತರಗತಿಯ ಪುಟ್ಟಿ ಚೀಟಿ ಇಣುಕಿ ನೋಡಿದಳು.

"ತಾತ, ದೊಡ್ಡಜ್ಜಿ ಲೆಕ್ಕ ಎಲ್ಲಿ?"

ನಾನು ಸುಮ್ಮನಾದೆ. ಓದುಗರೇ, ಮೇಲೆ ಒಂಬತ್ತು ಜನ ಅಂದೆನಲ್ಲ, ಅದು ತಪ್ಪು ಲೆಕ್ಕ. ನಮ್ಮ ಮನೆಯಲ್ಲಿ ನನ್ನ ಅಕ್ಕನೂ ಇದ್ದಾಳೆ. ಅವಳಿಗೆ ಎಂಬತ್ತನಾಲ್ಕು, ನನಗಿಂತ ಹತ್ತು ವರ್ಷ ದೊಡ್ಡವಳು. ಭಾವ ಹೋದ ಮೇಲೆ ನಮ್ಮಲ್ಲೇ ಇರುತ್ತಾಳೆ.

"ಅವಳು ನಮ್ಮ ಜೊತೆ ತಿನ್ನಲ್ಲ ಕಣಮ್ಮ. ಬೇಗನೇ ತಿಂದಿರ್ತಾಳೆ" ಅಂದೆ.

"ಯಾಕೆ ತಿನ್ನಲ್ಲ?"

ಯಾಕೆ ಎಂದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ಅಕ್ಕನ ಕೈ ನಡುಗುತ್ತದೆ. ಒಮ್ಮೆ ಮನೆಗೆ ನೆಂಟರು ಬಂದಿದ್ದಾಗ ಸಾರಿನ ಬಟ್ಟಲು ಕೈತಪ್ಪಿ ಸೀರೆಯ ಮೇಲೆಲ್ಲ ಚೆಲ್ಲಿತು. ಯಾರೋ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಅವತ್ತಿನಿಂದ ಅಕ್ಕ ಎಲ್ಲರಿಗಿಂತ ಮೊದಲು, ಇಲ್ಲವೇ ಎಲ್ಲರದೂ ಆದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಕೂತು ತಿನ್ನುತ್ತಾಳೆ. ಕರೆದರೆ "ನಂದಾಯ್ತು" ಅನ್ನುತ್ತಾಳೆ. ಮೊದಮೊದಲು ಒತ್ತಾಯ ಮಾಡುತ್ತಿದ್ದೆವು. ಆಮೇಲೆ ಕರೆಯುವುದನ್ನೇ ಬಿಟ್ಟೆವು. ಬ್ಯಾಂಕಿನಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೆ ರಾತ್ರಿ ಎಂಟರವರೆಗೆ ಕೂತು ಲೆಕ್ಕ ತಾಳೆ ಮಾಡುತ್ತಿದ್ದವನು ನಾನು. ಮನೆಯಲ್ಲಿ ಒಂದು ತಲೆಯೇ ಕಡಿಮೆಯಾದದ್ದು ಕಾಣಲಿಲ್ಲ.

ಪುಟ್ಟಿ ನನ್ನ ಉತ್ತರಕ್ಕೆ ಕಾಯಲಿಲ್ಲ. ಗೊಜ್ಜಿನ ಬಟ್ಟಲು ಹಿಡಿದು ಅಕ್ಕನ ಕೋಣೆಗೆ ಓಡಿದಳು.

"ದೊಡ್ಡಜ್ಜಿ, ಇದಕ್ಕೆ ಉಪ್ಪು ಸಾಕಾ ನೋಡು."

ಊಟಕ್ಕೆ ಕರೆದರೆ ಬಾರದವಳು ರುಚಿ ನೋಡಲು ಕರೆದರೆ ಬಂದಳು! ಮಾವಿನಕಾಯಿ ಗೊಜ್ಜಿನಲ್ಲಿ ನಮ್ಮ ಅಕ್ಕನನ್ನು ಮೀರಿಸುವವರಿಲ್ಲ. ಗೋಡೆ ಹಿಡಿದು ನಿಧಾನಕ್ಕೆ ನಡುಮನೆಗೆ ಬಂದು, "ಉಪ್ಪು ಸರಿಯಿದೆ, ಬೆಲ್ಲ ಇನ್ನೊಂಚೂರು ಬೇಕಿತ್ತು" ಅಂದಳು. ನನ್ನಾಕೆ ಕುರ್ಚಿ ಎಳೆದು ಹಾಕಿದಳು. ಅಷ್ಟರಲ್ಲಿ ದೊಡ್ಡ ಮೊಮ್ಮಗ ಹೊಸ ಲೆಕ್ಕ ಹಾಕಿದ್ದ. "ತಾತ, 28ನ್ನು 10ರಿಂದ ಭಾಗಿಸಿದರೆ ಸರಿಹೋಗಲ್ಲ. ಒಂದೊಂದನ್ನೂ ನಾಲ್ಕು ಚೂರು ಮಾಡೋಣ. 112 ಆಗತ್ತೆ. ಒಬ್ಬೊಬ್ಬರಿಗೆ 11. ಎರಡು ಮಿಗತ್ತೆ." ಚಿಕ್ಕ ಚೂರಾದದ್ದು ಇನ್ನೊಂದು ರೀತಿಯಲ್ಲೂ ಅನುಕೂಲವಾಯಿತು. ಒಬ್ಬೊಬ್ಬರೂ ಎಲ್ಲ ಬಗೆಯನ್ನೂ ರುಚಿ ನೋಡಬಹುದು.

ಒಂದು ತೊಡಕು ಮಾತ್ರ ಉಳಿಯಿತು. ಅಕ್ಕನದು ಹಲ್ಲುಸೆಟ್ಟು. ಗರಿಗರಿ ಟೋಸ್ಟನ್ನು ಒಂದು ಸಲ ಕಚ್ಚಲು ನೋಡಿ ಮೆಲ್ಲಗೆ ಬಾಳೆಲೆಯ ಅಂಚಿಗೆ ಇಟ್ಟಳು. ಪುಟ್ಟಿ ಅದನ್ನು ನೋಡಿದಳು. ಹಂಚಿಗೆ ಹಾಕದೆ ಉಳಿದಿದ್ದ ಚೂರುಗಳ ಅಂಚು ತೆಗೆದು, ಬೆಣ್ಣೆ ಜೇನುತುಪ್ಪ ಸವರಿ, ಬಟ್ಟಲಲ್ಲಿಟ್ಟು ಮೇಲೆ ಬಿಸಿ ಹಾಲು ಹಾಕಿ ತಂದುಕೊಟ್ಟಳು.

ಅಕ್ಕ ಬಟ್ಟಲನ್ನೇ ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ನೆನಪಿದೆಯೇನೋ?" ಅಂದಳು.

ನೆನಪಿಲ್ಲದೆ ಏನು! ಆಗ ನಾವು ಹಾಸನದಲ್ಲಿದ್ದೆವು. ನಮ್ಮ ಕಾಲದಲ್ಲಿ ಬ್ರೆಡ್ಡು ಅಂದರೆ ಜ್ವರ ಬಂದವರ ಪಥ್ಯ. ಮನೆಗೆ ಬ್ರೆಡ್ಡು ತಂದರೆ "ಯಾರಿಗೆ ಹುಷಾರಿಲ್ಲ?" ಎಂದು ಪಕ್ಕದ ಮನೆಯವರು ಕೇಳುತ್ತಿದ್ದರು. ನನಗೆ ಏಳು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂದು ಮೂರು ವಾರ ಮಲಗಿದ್ದೆ. ಅಕ್ಕನಿಗೆ ಆಗ ಹದಿನೇಳು. ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಬ್ರೆಡ್ಡು ತಂದು, ಚಾಕುವಿನಿಂದ ಕೊಯ್ದು, ಅಂಚು ತೆಗೆದು, ಹಾಲಿನಲ್ಲಿ ಅದ್ದಿ ಚಮಚದಲ್ಲಿ ತಿನ್ನಿಸಿದವಳು ಅವಳೇ. ನಾನು ವಾಂತಿ ಮಾಡಿ ಅವಳ ಲಂಗದ ಮೇಲೆಲ್ಲ ಚೆಲ್ಲಿದ್ದೂ ಉಂಟು. ಅವಳು ನಕ್ಕಿರಲಿಲ್ಲ, ಬೈದಿರಲೂ ಇಲ್ಲ.

ಅಕ್ಕ ಚಮಚ ಎತ್ತಿದಳು. ಕೈ ನಡುಗಿ ಹಾಲು ಸೆರಗಿನ ಮೇಲೆ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಆದರೆ ಯಾರೂ ನೋಡಲೇ ಇಲ್ಲ. ಚಿಕ್ಕ ಮೊಮ್ಮಗನ ಅಂಗಿಯ ತುಂಬ ಗೊಜ್ಜು, ಅಳಿಯನ ಮೀಸೆಯಲ್ಲಿ ಮೊಸರು, ನನ್ನ ಪಂಚೆಯ ಮೇಲೆ ಕೋಸಂಬರಿ. ಕೈಯಲ್ಲೇ ಕಟ್ಟಿಕೊಂಡು ತಿನ್ನುವ ಈ ತಿಂಡಿಯಲ್ಲಿ ಚೆಲ್ಲದವರೇ ಇಲ್ಲ. ಅಕ್ಕ ಸುತ್ತ ನೋಡಿದಳು, ಇನ್ನೊಂದು ಚಮಚ ಎತ್ತಿದಳು. ಬಟ್ಟಲು ಖಾಲಿಯಾಯಿತು.

ಮಿಕ್ಕ ಎರಡು ಚೂರು? ಹೂವಿನವಳು ಬಂದಳು, ಪುಟ್ಟಿ ಕೇಳಿ ಕೇಳಿ ಗೊಜ್ಜು ಹಾಕಿಕೊಟ್ಟಳು. ಲೆಕ್ಕ ತಾಳೆಯಾಯಿತು.

ಮಗಳ ಸಂಸಾರ ಊರಿಗೆ ಹೊರಟಿತು. ಮುಂದಿನ ಶನಿವಾರ ರಾತ್ರಿ ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ನಾಳೆ ಹರಿವಾಣ ಇಳಿಸಲ್ವೇನೋ?" ಅಂದಳು. ನಾನು ಆಗಲೇ ಬ್ರೆಡ್ಡು ತಂದಿಟ್ಟಿದ್ದೆ.

ಮಕ್ಕಳೇ, ಈ ರಜೆಯ ಒಂದು ಭಾನುವಾರ ನಿಮ್ಮ ಮನೆಯಲ್ಲೂ ಹರಿವಾಣ ಹೂಡಿ. ಬಟ್ಟಲಲ್ಲಿ ಏನಿರಬೇಕು ಎನ್ನುವುದು ನಿಮಗೆ ಬಿಟ್ಟದ್ದು. ಮೊದಲು ಮಾತ್ರ ಒಂದು ಚೀಟಿಯಲ್ಲಿ ಮನೆಯವರ ಹೆಸರನ್ನೆಲ್ಲ ಬರೆಯಿರಿ. "ನಂದಾಯ್ತು" ಅನ್ನುವವರ ಹೆಸರು ಎಲ್ಲಕ್ಕಿಂತ ಮೇಲಿರಲಿ.