ದಂಡ ತೆರಬೇಕಾದವರು ಯಾರು?

ಡೆಂಗಿ ಜ್ವರವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಸಾರಿತು. ಸೊಳ್ಳೆಮರಿಗಳಿಗೆ ಆಸ್ಪದವಿತ್ತ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನೂ ವಿಧಿಸಿತು. ಆ ಒಂದು ವರ್ಷದಲ್ಲೇ ರಾಜ್ಯದ 25,000ಕ್ಕೂ ಹೆಚ್ಚು ಜನರು ಈ ರೋಗಕ್ಕೆ ತುತ್ತಾದುದರಿಂದ ಸರ್ಕಾರದ ಕಳವಳವನ್ನು ನಾವು ಅಲ್ಲಗಳೆಯಲಾರೆವು. ಆದರೂ ಬುಕ್ಕಸಾಗರದಂತಹ ಊರಿನಲ್ಲಿ ನಿಂತು ಈ ನಿಯಮವನ್ನು ಓದುವಾಗ ಒಂದು ಪ್ರಶ್ನೆ ಏಳುತ್ತದೆ: ಬಡವರ ಮನೆಯಲ್ಲಿ ನೀರನ್ನು ದಿನಗಟ್ಟಲೆ ತುಂಬಿಡುವುದಾದರೂ ಏಕೆ?

ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ಕೊಳೆತ ಚರಂಡಿಗಿಂತ ಮನೆಯ ತೊಟ್ಟಿ, ಡ್ರಮ್ಮುಗಳ ತಿಳಿನೀರನ್ನೇ ಬಯಸುತ್ತದೆ, ಹಗಲಿನಲ್ಲಿಯೇ ಕಚ್ಚುತ್ತದೆ. ಅದರ ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲವು. ಮತ್ತೆ ನೀರು ತುಂಬಿದರೆ ವಾರ, ಹತ್ತು ದಿನಗಳಲ್ಲಿ ಸೊಳ್ಳೆಗಳು ಹಾರತೊಡಗುತ್ತವೆ. ಒಂದು ಮಿತಿಯವರೆಗೆ, ಸೆಕೆ ಏರಿದಷ್ಟೂ ಈ ಅವಧಿ ಕಿರಿದಾಗುತ್ತದೆ. ಸೊಳ್ಳೆಯ ದೇಹದೊಳಗೆ ವೈರಾಣು ಬೆಳೆಯುವ ವೇಗವೂ ಹೆಚ್ಚುತ್ತದೆ. ಆದುದರಿಂದಲೇ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ತಿಕ್ಕಿ ತೊಳೆದು ಒಣಗಿಸಿರೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿಬರುತ್ತಾರೆ. ಮಾತು ಸರಿಯೇ. ಆದರೆ ನಳದಲ್ಲಿ ನೀರು ಮತ್ತೆ ಎಂದು ಬಂದೀತೆಂದು ತಿಳಿಯದ ತಾಯಿಯು ಇದ್ದ ನೀರನ್ನು ಚೆಲ್ಲುವುದೆಂತು?

ಹೊಳೆಯ ದಂಡೆಯವರಿಗೆ ನೀರಿನ ಚಿಂತೆ ಏತಕ್ಕೆ ಎನ್ನುವವರಿದ್ದಾರೆ. ಹೊಳೆಯಲ್ಲಿ ಹರಿಯುವುದೆಲ್ಲ ಕುಡಿಯುವ ನೀರಲ್ಲ. ನಮ್ಮದೇ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ 2021ರಲ್ಲಿ ಕಲುಷಿತ ನೀರು ಕುಡಿದು ಹಲವರು ಅಸುನೀಗಿದರು. ಇನ್ನು ಮಳೆಯ ಮಾತೇನು? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆನಿಸಿದವು. ಮರುವರ್ಷವೇ ತುಂಗಭದ್ರಾ ಜಲಾಶಯ ತುಂಬಿತು. ಬರ ಬಂದರೆ ಜನರು ನೀರನ್ನು ಕೂಡಿಡುತ್ತಾರೆ. ಮಳೆ ಬಂದರೆ ಒಡೆದ ಟೈರು, ತೆಂಗಿನ ಚಿಪ್ಪುಗಳಲ್ಲಿ ಅದು ತಾನಾಗಿ ಕೂಡುತ್ತದೆ. ಹವಾಮಾನ ಹೀಗೆ ಹೊಯ್ದಾಡಿದಾಗ ಎರಡು ಬಗೆಯಲ್ಲಿಯೂ ಲಾಭ ಸೊಳ್ಳೆಗೇ.

ತತ್ತ್ವಶಾಸ್ತ್ರವು ಸಮೀಪದ ಕಾರಣವನ್ನು ಮೂಲಕಾರಣದಿಂದ ಬೇರ್ಪಡಿಸಿ ನೋಡೆನ್ನುತ್ತದೆ. ಕೊಡದೊಳಗಿನ ಮರಿಹುಳು ಸಮೀಪದ ಕಾರಣ. ನೆಚ್ಚಲಾಗದ ನಳವು ಅದರ ಹಿಂದಿನದು. ದಂಡವು ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದರು.

ಬಿಸಿಲಿನ ವಿಷಯದಲ್ಲಿಯೂ ಇದೇ ಬಗೆ. 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಲಾಯಿತು. ಒಳ್ಳೆಯದೇ ಆಯಿತು. ಕಬ್ಬಿನ ಗದ್ದೆಯ ಕೂಲಿಯವರಿಗೆ ಅಂತಹ ಆದೇಶ ಹೊರಡಿಸುವವರು ಯಾರು?

ನಾವು ಕೇಳುವುದು ಸಣ್ಣದು. ನೀರು ಬಿಡುವ ದಿನವನ್ನು ಗ್ರಾಮ ಪಂಚಾಯಿತಿಯು ತನ್ನ ಗೋಡೆಯ ಮೇಲೆ ಬರೆಸಲಿ. ತೊಟ್ಟಿಗಳಿಗೆ ಮುಚ್ಚಳ ಒದಗಿಸಲಿ. ಹೇಳಿದ ದಿನ ನೀರು ಬಾರದಿದ್ದರೆ, ಆ ವಾರ ಯಾವ ಮನೆಯಿಂದಲೂ 200 ರೂಪಾಯಿ ವಸೂಲು ಮಾಡದಿರಲಿ.