ಆಟಿಕೆ ಕಾರಿನ ಕ್ರೋಮ್‌ಗೆ ಟೂತ್‌ಪೇಸ್ಟ್, ಕೋಲಾ, ಬ್ಲೀಚ್: ಹೊಳಪು ಬರುತ್ತದೋ, ಹೋಗುತ್ತದೋ?

ಮನೆ ಬದಲಿಸುವಾಗಲೋ ಅಟ್ಟ ಖಾಲಿ ಮಾಡುವಾಗಲೋ ಹಳೆಯ ಡಬ್ಬವೊಂದರಲ್ಲಿ ಬಾಲ್ಯದ ಆಟಿಕೆ ಸಿಗುತ್ತದೆ. ಒಂದು ಹಾಟ್ ವೀಲ್ಸ್ ಕಾರು, ಅಥವಾ ದುಬೈಯಲ್ಲಿದ್ದ ಮಾವ ರಜೆಗೆ ಬಂದಾಗ ತಂದುಕೊಟ್ಟ ಟ್ರಾನ್ಸ್‌ಫಾರ್ಮರ್ಸ್ ರೋಬೋ. ಬಂಪರ್, ಎಂಜಿನ್, ಚಕ್ರದ ನಡುಭಾಗ ಒಂದು ಕಾಲದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಈಗ ಮಂಕಾಗಿವೆ. ಫೋಟೊ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿದರೆ ಸಾಕು, ಐದೇ ನಿಮಿಷದಲ್ಲಿ ಸಲಹೆಗಳು ಬಂದುಬಿಡುತ್ತವೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ. ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಕೋಲಾದಲ್ಲಿ ಅದ್ದಿ ತಿಕ್ಕಿ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ. ಯಾವುದಕ್ಕೂ ಜಗ್ಗದಿದ್ದರೆ ಬ್ಲೀಚ್‌ನಲ್ಲಿ ರಾತ್ರಿಯಿಡೀ ನೆನೆಸಿ.

ಈ ಸಲಹೆಗಳಲ್ಲಿ ಕೆಲವು ಪೂರ್ತಿ ಸುಳ್ಳೇನಲ್ಲ. ಸೈಕಲ್ ಹ್ಯಾಂಡಲ್ ಮೇಲೆ ಫಾಯಿಲ್ ತಿಕ್ಕಿ ನೋಡಿದವರಿಗೆ ಅದು ಕೆಲಸ ಮಾಡುವುದು ಗೊತ್ತು. ಎಡವಟ್ಟಾಗುವುದು ಬೇರೆ ಕಡೆ. ಸೈಕಲ್ ಹ್ಯಾಂಡಲ್ ಮೇಲಿರುವುದು ಕ್ರೋಮಿಯಂ. ಆಟಿಕೆಯ ಮೇಲಿರುವ ‘ಕ್ರೋಮ್’ ಬಹುತೇಕ ಸಂದರ್ಭಗಳಲ್ಲಿ ಕ್ರೋಮಿಯಂ ಅಲ್ಲವೇ ಅಲ್ಲ.

ಹಾಗಾದರೆ ಅದೇನು?

ಚಿಪ್ಸ್ ಪ್ಯಾಕೆಟ್ ಹರಿದು ಒಳಗೆ ನೋಡಿ. ಆ ಬೆಳ್ಳಿಯ ಹೊಳಪು ಅಲ್ಯೂಮಿನಿಯಂನದು. ಆಟಿಕೆಯ ಬಂಪರ್ ಮೇಲಿರುವುದೂ ಅದೇ, ಹಚ್ಚುವ ವಿಧಾನವೂ ಹೆಚ್ಚುಕಡಿಮೆ ಅದೇ. ಮೊದಲು ಪ್ಲಾಸ್ಟಿಕ್ ಭಾಗದ ಮೇಲೆ ವಾರ್ನಿಷ್‌ನಂಥ ಒಂದು ಲೇಪ ಬಳಿದು ಮೈ ನುಣುಪು ಮಾಡುತ್ತಾರೆ. ಆಮೇಲೆ ಅಂಥ ನೂರಾರು ಭಾಗಗಳನ್ನು ಒಂದು ದೊಡ್ಡ ಉಕ್ಕಿನ ಕೋಣೆಯೊಳಗೆ ತೂಗುಹಾಕಿ, ಪಂಪ್ ಹಚ್ಚಿ ಗಾಳಿಯನ್ನೆಲ್ಲ ಹೊರಗೆಳೆಯುತ್ತಾರೆ. ನಡುವೆ ಟಂಗ್‌ಸ್ಟನ್ ತಂತಿಯ ಸುರುಳಿಗಳಿರುತ್ತವೆ, ಅವುಗಳಲ್ಲಿ ಅಲ್ಯೂಮಿನಿಯಂ ತುಂಡುಗಳು. ವಿದ್ಯುತ್ ಹರಿದು ಸುರುಳಿ ಕಾದಾಗ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಇನ್ನೂ ಕಾದರೆ ಆವಿಯಾಗುತ್ತದೆ. ದಾರಿಯಲ್ಲಿ ಡಿಕ್ಕಿ ಹೊಡೆಯಲು ಗಾಳಿ ಇಲ್ಲದ ಕಾರಣ ಆ ಆವಿ ನೇರವಾಗಿ ಹೋಗಿ ಪ್ಲಾಸ್ಟಿಕ್ ಮೇಲೆ ಕೂರುತ್ತದೆ. ಅದರ ಮೇಲೆ ಮತ್ತೊಂದು ಪಾರದರ್ಶಕ ಲೇಪ ಬಿದ್ದರೆ ‘ಕ್ರೋಮ್’ ತಯಾರು.

ಈ ಲೋಹದ ಪದರ ಎಷ್ಟು ದಪ್ಪ? ಸಾಮಾನ್ಯವಾಗಿ ಒಂದು ಮೈಕ್ರಾನ್‌ನ ಹತ್ತನೇ ಒಂದು ಭಾಗದ ಆಸುಪಾಸು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ಕೂದಲಿನ ಏಳುನೂರನೇ ಒಂದು ಭಾಗ. ನೀವು ಉಜ್ಜಿ ‘ಪಾಲಿಶ್’ ಮಾಡಲು ಹೊರಟಿರುವುದು ಇಷ್ಟು ತೆಳುವಾದ ವಸ್ತುವನ್ನು.

ಈ ತಂತ್ರ ಆಟಿಕೆಗಾಗಿ ಹುಟ್ಟಿದ್ದಲ್ಲ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಸ್ಟ್ರಾಂಗ್ ದೂರದರ್ಶಕಗಳ ಕನ್ನಡಿಗೆ ಹೀಗೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಲೇಪಿಸುವುದನ್ನು ಬೆಳೆಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೀಕ್ಷಣಾಲಯದಲ್ಲೂ 2.34 ಮೀಟರ್ ಅಗಲದ ವೈನು ಬಾಪ್ಪು ದೂರದರ್ಶಕದ ಕನ್ನಡಿಗಾಗಿ ಇಂಥದೇ ಒಂದು ದೊಡ್ಡ ನಿರ್ವಾತ ಕೋಣೆ ಇದೆ. ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಮುಂದಿನದು. ದೂರದರ್ಶಕದ ಕನ್ನಡಿ ಮಂಕಾದರೆ ಯಾವ ವಿಜ್ಞಾನಿಯೂ ಅದನ್ನು ಉಜ್ಜಿ ಹೊಳಪು ತರಲು ಹೋಗುವುದಿಲ್ಲ. ಮೃದುವಾಗಿ ತೊಳೆಯುತ್ತಾರೆ. ಅದೂ ಸಾಲದಾದಾಗ ಹಳೆಯ ಅಲ್ಯೂಮಿನಿಯಂ ಅನ್ನು ರಾಸಾಯನಿಕದಿಂದ ಪೂರ್ತಿ ಕರಗಿಸಿ ತೆಗೆದು, ಹೊಸದಾಗಿ ಲೇಪಿಸುತ್ತಾರೆ. ಹಾಗೆ ಕರಗಿಸಲು ವೀಕ್ಷಣಾಲಯಗಳು ಬಳಸುವ ದ್ರಾವಣಗಳಲ್ಲಿ ಕ್ಷಾರವೂ ಒಂದು.

ಬ್ಲೀಚ್ ಕೂಡ ಕ್ಷಾರವೇ. ಸಿಂಕ್ ಕಟ್ಟಿಕೊಂಡಾಗ ಸುರಿಯುವ ಪುಡಿಯಲ್ಲಿರುವ ಕಾಸ್ಟಿಕ್ ಸೋಡಾ ಇನ್ನೂ ತೀಕ್ಷ್ಣ ಕ್ಷಾರ. ಕಾರು, ಲಾರಿಗಳ ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸುವ ಹವ್ಯಾಸಿಗಳಿಗೆ ಇದು ಚೆನ್ನಾಗಿ ಗೊತ್ತು. ಕಿಟ್‌ನಲ್ಲಿ ಬರುವ ಕ್ರೋಮ್ ಭಾಗಗಳಿಗೆ ಅಂಟು ಸರಿಯಾಗಿ ಹಿಡಿಯದು. ಹಾಗಾಗಿ ಅವರು ಬೇಕೆಂತಲೇ ಆ ಭಾಗಗಳನ್ನು ಬ್ಲೀಚ್‌ನಲ್ಲಿ ಅದ್ದಿ ಕ್ರೋಮ್ ಕಳಚುತ್ತಾರೆ. ಹೊಳಪೆಲ್ಲ ಕರಗಿಹೋಗಿ ಬರಿಯ ಪ್ಲಾಸ್ಟಿಕ್ ಉಳಿಯುತ್ತದೆ. ಅವರು ಕ್ರೋಮ್ ತೆಗೆಯಲು ಮಾಡುವ ಕೆಲಸವನ್ನೇ ಫಾರ್ವರ್ಡ್ ಸಂದೇಶ ಕ್ರೋಮ್ ಉಳಿಸಲು ಹೇಳಿಕೊಡುತ್ತಿದೆ!

ಟೂತ್‌ಪೇಸ್ಟ್ ಯಾಕೆ ಬೇಡ?

ಟೂತ್‌ಪೇಸ್ಟ್‌ನಲ್ಲಿ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನ ನುಣ್ಣನೆಯ ಕಣಗಳಿರುತ್ತವೆ. ಹಲ್ಲಿನ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು, ಆ ಕಣಗಳನ್ನು ಅದು ತಾಳಿಕೊಳ್ಳುತ್ತದೆ. ಬೆಳ್ಳಿ ಕುಂಕುಮದ ಬಟ್ಟಲನ್ನು ಟೂತ್‌ಪೇಸ್ಟ್ ಅಥವಾ ವಿಭೂತಿಯಿಂದ ತಿಕ್ಕಿದಾಗಲೂ ಮೇಲಿನ ಕಪ್ಪು ಪದರ ಸವೆದು ಒಳಗಿನ ಬೆಳ್ಳಿ ಕಾಣಿಸುತ್ತದೆ. ಅಲ್ಲಿ ಒಳಗೂ ಬೆಳ್ಳಿಯೇ ಇದೆ. ಆಟಿಕೆಯಲ್ಲಿ ಕ್ರೋಮ್‌ನ ಒಳಗೆ ಇರುವುದು ಪ್ಲಾಸ್ಟಿಕ್. ಮೊದಲು ಮೇಲಿನ ಪಾರದರ್ಶಕ ಲೇಪಕ್ಕೆ ಸಣ್ಣ ಗೀರುಗಳು ಬೀಳುತ್ತವೆ, ಹೊಳಪು ಇನ್ನಷ್ಟು ಮಸುಕಾಗುತ್ತದೆ. ಸಾಲದು ಎಂದು ಇನ್ನೂ ಜೋರಾಗಿ ಉಜ್ಜಿದರೆ ಮೂಲೆ ಮತ್ತು ಏಣುಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಇಣುಕುತ್ತದೆ. ಶಾಲೆಯ ದಿನಗಳಲ್ಲಿ ಈ ಪ್ರಯೋಗವನ್ನು ತಮ್ಮನ ಕಾರಿನ ಮೇಲೆ ಮಾಡಿ ಬೈಸಿಕೊಂಡವನಾಗಿ ಹೇಳುತ್ತಿದ್ದೇನೆ, ಆ ಬಂಪರ್ ಮತ್ತೆ ಹೊಳೆಯಲಿಲ್ಲ.

ಕೋಲಾ ಮತ್ತು ಫಾಯಿಲ್ ಜೋಡಿಯ ಕಥೆ ಸ್ವಲ್ಪ ಬೇರೆ. ಸೈಕಲ್ ಹ್ಯಾಂಡಲ್‌ನಲ್ಲಿ ಉಕ್ಕಿನ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮಿಯಂ ಇರುತ್ತದೆ. ಸೂಕ್ಷ್ಮ ರಂಧ್ರಗಳಿಂದ ನೀರು ಇಳಿದು ಉಕ್ಕು ತುಕ್ಕು ಹಿಡಿದಾಗ ಆ ತುಕ್ಕು ಮೇಲಕ್ಕೆ ಬಂದು ಚುಕ್ಕೆಯಾಗಿ ಕೂರುತ್ತದೆ. ಕ್ರೋಮಿಯಂ ಬಹಳ ಗಟ್ಟಿ, ಅಲ್ಯೂಮಿನಿಯಂ ಅದಕ್ಕಿಂತ ಎಷ್ಟೋ ಮೆದು. ಹಾಗಾಗಿ ಫಾಯಿಲ್ ತುಕ್ಕನ್ನು ಕೆರೆದು ತೆಗೆಯುತ್ತದೆ, ಕ್ರೋಮಿಯಂಗೆ ಅಷ್ಟಾಗಿ ಗೀರು ಬೀಳುವುದಿಲ್ಲ. ಕೋಲಾದಲ್ಲಿರುವ ಫಾಸ್ಫೊರಿಕ್ ಆಮ್ಲ ಸ್ವಲ್ಪ ಸಹಾಯ ಮಾಡಬಹುದು, ಆದರೆ ಬರಿಯ ನೀರು ಹಾಕಿ ತಿಕ್ಕಿದರೂ ಕೆಲಸ ನಡೆಯುತ್ತದೆ. ಆಟಿಕೆಯಲ್ಲಿ ತುಕ್ಕು ಹಿಡಿಯುವ ಉಕ್ಕೂ ಇಲ್ಲ, ಗಟ್ಟಿ ಕ್ರೋಮಿಯಂ ಕೂಡ ಇಲ್ಲ. ಅಲ್ಲಿ ಫಾಯಿಲ್ ತಿಕ್ಕುವುದೆಂದರೆ ಕೂದಲಿಗಿಂತ ತೆಳುವಾದ ಪದರವನ್ನು ಕೆರೆಯುವುದು, ಅಷ್ಟೇ.

ನೇಲ್ ಪಾಲಿಶ್ ರಿಮೂವರ್ ಹಚ್ಚುವ ಸಲಹೆ ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿರುವ ಅಸಿಟೋನ್ ಕ್ರೋಮ್ ಒಂದನ್ನೇ ಅಲ್ಲ, ಅಡಿಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಅಷ್ಟು ಉಗ್ರವಲ್ಲದಿದ್ದರೂ ಕೆಲವು ಲೇಪಗಳನ್ನು ಮೆದುಗೊಳಿಸುತ್ತದೆ. ಚಿನ್ನದ ಬಣ್ಣದ ಕ್ರೋಮ್‌ಗೆ ಇದು ವಿಶೇಷವಾಗಿ ಅಪಾಯ. ಕೆನ್ನರ್ ಕಂಪನಿ 1978ರಲ್ಲಿ ತಂದ ಸ್ಟಾರ್ ವಾರ್ಸ್‌ನ ಸಿ-3ಪಿಒ ಗೊಂಬೆಯಂಥವುಗಳ ಮೇಲೆ ಕಾಣುವುದು ಚಿನ್ನವಲ್ಲ. ಇಂಥ ಹೊಳಪು ಸಾಮಾನ್ಯವಾಗಿ ಬರುವುದು ಬೆಳ್ಳಿಬಣ್ಣದ ಅಲ್ಯೂಮಿನಿಯಂ ಮೇಲೆ ಹಳದಿ ಛಾಯೆಯ ಲೇಪ ಬಳಿದಾಗ. ಆ ಲೇಪ ಒರೆಸಿಹೋದ ಜಾಗದಲ್ಲಿ ‘ಚಿನ್ನ’ ಬೆಳ್ಳಿಯಾಗಿಬಿಡುತ್ತದೆ.

ಉಸಿರಿಗೇ ಕುತ್ತು ತರುವ ಮಿಶ್ರಣ

ಆಟಿಕೆ ಹಾಳಾದರೆ ಬೇಸರವಾಗುತ್ತದೆ, ಅಷ್ಟೇ. ಆದರೆ ಬ್ಲೀಚ್‌ಗೆ ವಿನೆಗರ್ ಅಥವಾ ನಿಂಬೆರಸ ಸೇರಿಸಿದರೆ ‘ಡಬಲ್ ಪವರ್’ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಮುಂದಕ್ಕೆ ಕಳಿಸಲೇಬೇಡಿ. ಬ್ಲೀಚ್‌ನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಣ್ಣು ಉರಿ, ಕೆಮ್ಮು, ಎದೆ ಹಿಡಿದಂತಾಗುವುದು, ಪ್ರಮಾಣ ಹೆಚ್ಚಾದರೆ ಶ್ವಾಸಕೋಶಕ್ಕೇ ಹಾನಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಬಕೆಟ್ ಮುಂದೆ ಬಗ್ಗಿ ಕೂತು ಆಟಿಕೆ ತೊಳೆಯುವವರಿಗೆ ಇದು ನೇರ ಮುಖಕ್ಕೇ ಬಡಿಯುತ್ತದೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವೇ ಇರುತ್ತದೆ, ಅದನ್ನು ಬ್ಲೀಚ್ ಜೊತೆ ಬೆರೆಸುವುದು ಇನ್ನೂ ಅಪಾಯ. ಯಾರಾದರೂ ಹೀಗೆ ಬೆರೆಸಿಬಿಟ್ಟಿದ್ದರೆ ಅದನ್ನು ಚೆಲ್ಲಲು ನಿಲ್ಲದೆ ಎಲ್ಲರೂ ಹೊರಗೆ ತೆರೆದ ಗಾಳಿಗೆ ಬನ್ನಿ. ಉಸಿರಾಟಕ್ಕೆ ತೊಂದರೆಯಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇದರ ವಿರುದ್ಧ ದಿಕ್ಕಿನ ಫಾರ್ವರ್ಡ್‌ಗಳೂ ಇವೆ: ಕ್ರೋಮ್ ಆಟಿಕೆ ಮುಟ್ಟಿದರೆ ಕ್ಯಾನ್ಸರ್ ಬರುತ್ತದೆ ಎನ್ನುವಂಥವು. ಕ್ರೋಮಿಯಂನ ಒಂದು ರೂಪ, ಹೆಕ್ಸಾವೇಲೆಂಟ್ ಕ್ರೋಮಿಯಂ, ನಿಜಕ್ಕೂ ಕ್ಯಾನ್ಸರ್‌ಕಾರಕ. ಅದು ಲೋಹಕ್ಕೆ ಕ್ರೋಮ್ ಲೇಪಿಸುವ ಕಾರ್ಖಾನೆಗಳ ತೊಟ್ಟಿಯಲ್ಲಿರುತ್ತದೆ, ಅಲ್ಲಿನ ಕಾರ್ಮಿಕರಿಗೆ ಅದು ದೊಡ್ಡ ಸಮಸ್ಯೆ. ಅಲ್ಯೂಮಿನಿಯಂ ಲೇಪದ ಪ್ಲಾಸ್ಟಿಕ್ ಬಂಪರ್‌ಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಂದು ಚಕ್ಕೆ ಏಳುತ್ತಿರುವ ಹಳೆಯ ಆಟಿಕೆಯನ್ನು ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿನ ಕೈಗೆ ಕೊಡಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಬೇರೆಯೇ ಇದೆ.

ಸರಿ, ತೊಳೆಯುವುದು ಹೇಗೆ?

ಮೊದಲು ಒಂದು ಆಯಸ್ಕಾಂತ ಹಿಡಿದು ನೋಡಿ. ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದೇ ಸಾಕು. ಅಂಟಿದರೆ ಅಡಿಯಲ್ಲಿ ಉಕ್ಕಿದೆ, ಅದು ತಗಡಿನ ಹಳೆಯ ಆಟಿಕೆಯೋ ಪೆಡಲ್ ಕಾರೋ ಇರಬಹುದು. ಅಂಟದಿದ್ದರೆ ಪ್ಲಾಸ್ಟಿಕ್ ಆಗಿರಬಹುದು, ಸತುವಿನ ಮಿಶ್ರಲೋಹವೂ ಆಗಿರಬಹುದು. ಲೋಹ ಮುಟ್ಟಿದರೆ ತಣ್ಣಗಿರುತ್ತದೆ. ಅನುಮಾನವಿದ್ದರೆ ಪ್ಲಾಸ್ಟಿಕ್ ಎಂದೇ ಭಾವಿಸಿ.

ನಿಜ ಹೇಳಬೇಕೆಂದರೆ, ಮಂಕಾಗಿದೆ ಎಂದು ನಾವು ಅಂದುಕೊಂಡ ಕ್ರೋಮ್ ಎಷ್ಟೋ ಸಲ ಕೇವಲ ಧೂಳು ಮತ್ತು ಬೆರಳಿನ ಜಿಡ್ಡು. ಮೆತ್ತನೆಯ ಮೇಕಪ್ ಬ್ರಷ್‌ನಿಂದ ಧೂಳು ಹಾರಿಸಿ. ಈ ಹೆಜ್ಜೆ ಬಿಟ್ಟು ನೇರ ಬಟ್ಟೆಯಲ್ಲಿ ಒರೆಸಿದರೆ ಧೂಳಿನ ಕಣಗಳೇ ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಆಮೇಲೆ ಉಗುರುಬೆಚ್ಚಗಿನ ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ. ಸೋಪಿನ ಬಾರ್ ಅಥವಾ ಪಾತ್ರೆ ತೊಳೆಯುವ ಪುಡಿ ಬೇಡ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಅದ್ದಿ, ಹಿಂಡಿ, ಕ್ರೋಮ್ ಮೇಲೆ ಉರುಳಿಸಿ. ತಿಕ್ಕಬೇಡಿ, ಉರುಳಿಸಿ. ಕಡ್ಡಿ ಕೊಳೆಯಾದ ಕೂಡಲೇ ಬದಲಿಸಿ. ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮಾಡಿ ನೋಡಿ: ಹತ್ತಿಗೆ ಬೂದು ಅಥವಾ ಹಳದಿ ಬಣ್ಣ ಹತ್ತಿ, ಅಲ್ಲಿ ಹೊಳಪೂ ಕಡಿಮೆಯಾದರೆ ಬರುತ್ತಿರುವುದು ಕೊಳೆಯಲ್ಲ, ಲೇಪವೇ. ಅಲ್ಲಿಗೇ ನಿಲ್ಲಿಸಿ.

ನೀರಲ್ಲಿ ಮುಳುಗಿಸಿ ನೆನೆಸುವುದೂ ಒಳ್ಳೆಯದಲ್ಲ. ಪ್ಲಾಸ್ಟಿಕ್ ಭಾಗವನ್ನು ಅಚ್ಚಿನ ಚೌಕಟ್ಟಿನಿಂದ ಕತ್ತರಿಸಿದ ಜಾಗದಲ್ಲಿ ಲೇಪಕ್ಕೆ ಬಾಯಿ ತೆರೆದಿರುತ್ತದೆ. ನೀರು ಅಲ್ಲಿಂದ ನುಸುಳಿ ಅಂಚು ಎಬ್ಬಿಸುತ್ತದೆ. ಬೋರ್‌ವೆಲ್‌ನ ಗಡಸು ನೀರು ಇರುವ ಊರುಗಳಲ್ಲಿ ಇನ್ನೊಂದು ತೊಂದರೆ: ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದನ್ನು ತೆಗೆಯಲು ಮತ್ತೆ ವಿನೆಗರ್ ಹುಡುಕುತ್ತೇವೆ. ಕೊನೆಯ ಒರೆಸು ಫಿಲ್ಟರ್ ನೀರಿನಲ್ಲಿ, ಸಾಧ್ಯವಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಆಗಲಿ. ಕನ್ನಡಕ ಒರೆಸುವ ಬಟ್ಟೆಯಿಂದ ಒತ್ತಿ ಒಣಗಿಸಿ. ಹೇರ್ ಡ್ರೈಯರ್ ಬೇಡ.

ತೊಳೆದ ಮೇಲೆ ಕೊಬ್ಬರಿ ಎಣ್ಣೆ ಸವರಿದರೆ ಒಂದು ದಿನ ಮಿನುಗುತ್ತದೆ, ಆಮೇಲೆ ಮನೆಯ ಧೂಳೆಲ್ಲ ಅದರ ಮೇಲೇ. ಕಾರ್ ಪಾಲಿಶ್‌ಗಳಲ್ಲಿ ಬಹಳಷ್ಟಕ್ಕೆ ಸವೆಸುವ ಕಣಗಳೇ ಇರುತ್ತವೆ. ಏನೂ ಹಚ್ಚದೆ ಬಿಡುವುದೇ ವಾಸಿ.

ಇಡುವ ಜಾಗವೇ ಹೆಚ್ಚು ಹಾಳು ಮಾಡುತ್ತದೆ

ಆಟಿಕೆಯಲ್ಲಿ ಬ್ಯಾಟರಿ ಇದ್ದರೆ ಇವತ್ತೇ ತೆಗೆಯಿರಿ. ಆಲ್ಕಲೈನ್ ಬ್ಯಾಟರಿ ಸೋರಿದಾಗ ಬರುವುದು ಪೊಟಾಸಿಯಂ ಹೈಡ್ರಾಕ್ಸೈಡ್, ಅಂದರೆ ಮತ್ತದೇ ಕ್ಷಾರ. ಬ್ಯಾಟರಿ ಪೆಟ್ಟಿಗೆಯ ಸುತ್ತಲಿನ ಕ್ರೋಮ್ ಮಾತ್ರ ಮಾಯವಾಗಿರುವ ಹಳೆಯ ರೋಬೋಗಳನ್ನು ನೋಡಿದರೆ ಕಾರಣ ಇದಿರಬಹುದು. ನೇರ ಬಿಸಿಲು ಬೀಳುವ ಶೋಕೇಸ್ ಬೇಡ, ಲೇಪ ಹಳದಿಯಾಗಿ ಬಿರಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳದ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ಮೆತ್ತನೆಯ ಪಿವಿಸಿ ಗೊಂಬೆಗಳನ್ನು, ರಬ್ಬರ್‌ನಂಥ ಟೈರುಗಳನ್ನು ಕ್ರೋಮ್‌ಗೆ ತಾಗಿಸಿ ಇಡಬೇಡಿ. ಅವುಗಳಿಂದ ಹೊರಬರುವ ಎಣ್ಣೆಯಂಥ ಪದಾರ್ಥ ಪಕ್ಕದ ಪ್ಲಾಸ್ಟಿಕ್ಕಿಗೆ ಅಂಟಿ ಅದನ್ನು ಮೆದು ಮಾಡುತ್ತದೆ.

ಬಟ್ಟೆಯ ಬೀರುವಿನಲ್ಲಿ ಆಟಿಕೆ ಇಡುವವರು ನುಸಿಗುಳಿಗೆಯನ್ನು ಮರೆಯಬಾರದು. ನ್ಯಾಫ್ತಲೀನ್ ಆಗಲಿ ಪ್ಯಾರಾ ಡೈಕ್ಲೋರೋಬೆಂಜೀನ್ ಆಗಲಿ, ಅದರ ಆವಿ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಕ್ರಮೇಣ ಮೆದುವಾಗಿಸುತ್ತದೆ.

ಈಗಾಗಲೇ ಕ್ರೋಮ್ ಹೋಗಿಬಿಟ್ಟಿದ್ದರೆ? ತೊಳೆದು ಮರಳಿ ತರುವ ದಾರಿ ಇಲ್ಲ. ಮೊಲೊಟೊವ್ ಕಂಪನಿಯ ಲಿಕ್ವಿಡ್ ಕ್ರೋಮ್ ಪೆನ್ನು, ಬೇರ್ ಮೆಟಲ್ ಫಾಯಿಲ್‌ನಂಥ ತೆಳು ಹಾಳೆ ಇವುಗಳಿಂದ ಸಣ್ಣ ಜಾಗ ಮುಚ್ಚಬಹುದು. ಪೂರ್ತಿ ಭಾಗವನ್ನು ಬಿಚ್ಚಿ ಕಳಿಸಿದರೆ ಹೊಸದಾಗಿ ನಿರ್ವಾತ ಲೇಪನ ಮಾಡಿಕೊಡುವವರೂ ಇದ್ದಾರೆ. ನಿಮ್ಮದೇ ಬಾಲ್ಯದ ಕಾರಾದರೆ ಇಷ್ಟ ಬಂದದ್ದು ಮಾಡಿ. ಮಾರುವ ಯೋಚನೆ ಇದ್ದರೆ ಕೈ ಹಚ್ಚದಿರುವುದೇ ಮೇಲು, ಏಕೆಂದರೆ ಸಂಗ್ರಹಕಾರರು ಸಾಮಾನ್ಯವಾಗಿ ಸವೆದ ಮೂಲ ಕ್ರೋಮ್‌ಗೆ ಕೊಡುವ ಬೆಲೆಯನ್ನು ಬಳಿದ ಬಣ್ಣಕ್ಕೆ ಕೊಡುವುದಿಲ್ಲ. ರಿಪೇರಿ ಮಾಡಿಸಿದ್ದನ್ನು ಮಾರುವಾಗ ಅದನ್ನು ಜಾಹೀರಾತಿನಲ್ಲೇ ಬರೆದುಬಿಡಿ.